ದೂರು: ನಿಮ್ಮ ಬೇಸಿಗೆ ಶಿಬಿರದಲ್ಲಿ ಮಕ್ಕಳ ರಕ್ಷಣೆಗೆ ಹೊಣೆ ಯಾರು?

ಇವರಿಗೆ,
ನಿರ್ದೇಶಕರು,
ಮಕ್ಕಳ ಶಿಬಿರ ವಿಭಾಗ

ವಿಷಯ: ಶಿಬಿರದ ಸ್ವಯಂಸೇವಕರೊಬ್ಬರು ನನ್ನ ಮಗಳಿಗೆ ರಾತ್ರಿ ಹೊತ್ತು ಮೆಸೇಜ್ ಮಾಡಿದ್ದು, ದೂರು ಹೇಳಿದ ಮೇಲೆ ನಿಮ್ಮ ಕಚೇರಿ ನಡೆದುಕೊಂಡ ರೀತಿ.

ಮಾನ್ಯರೇ,

ನನ್ನ ಮಗಳಿಗೆ 13 ವರ್ಷ. ಈ ಬೇಸಿಗೆಯಲ್ಲಿ ನಿಮ್ಮ ವಸತಿ ಶಿಬಿರಕ್ಕೆ ಬಂದಿದ್ದಳು. ನಾಟಕ, ಮಣ್ಣಿನ ಕೆಲಸ, ಬೆಟ್ಟ ಹತ್ತಿದ್ದು ಎಲ್ಲವೂ ಅವಳಿಗೆ ಹಿಡಿಸಿತ್ತು. ಇದನ್ನು ಮೊದಲೇ ಬರೆದುಬಿಡುತ್ತೇನೆ. ಏಕೆಂದರೆ ನಿಮ್ಮ ಸಂಯೋಜಕರು ಫೋನಿನಲ್ಲಿ, "ಶಿಬಿರ ಸರಿಹೋಗದವರು ಹೀಗೆ ತಕರಾರು ತೆಗೀತಾರೆ ಮೇಡಂ" ಅಂದರು. ಶಿಬಿರ ಚೆನ್ನಾಗಿಯೇ ಇತ್ತು. ನನ್ನ ದೂರು ಅದರ ಬಗ್ಗೆ ಅಲ್ಲ.

ಶಿಬಿರ ಮುಗಿದ ಮೇಲೆ ನಿಮ್ಮವರು ಮಕ್ಕಳನ್ನೂ ಸ್ವಯಂಸೇವಕರನ್ನೂ ಸೇರಿಸಿ ಒಂದು ವಾಟ್ಸಾಪ್ ಗ್ರೂಪ್ ಮಾಡಿದರು. ಹೆತ್ತವರು ಯಾರೂ ಅದರಲ್ಲಿ ಇರಲಿಲ್ಲ, ನಮ್ಮನ್ನು ಕೇಳಿಯೂ ಇರಲಿಲ್ಲ. ನೋಂದಣಿ ಫಾರಂನಲ್ಲಿ 'ತುರ್ತು ಸಂಪರ್ಕಕ್ಕೆ' ಎಂದು ಬರೆಸಿಕೊಂಡ ನಂಬರುಗಳು ಹೀಗೆ ಎಲ್ಲರ ಕೈಗೂ ಸಿಕ್ಕವು. ಆ ಗ್ರೂಪಿನಿಂದ ಒಬ್ಬ ಸ್ವಯಂಸೇವಕರು ಮಗಳ ನಂಬರ್ ತೆಗೆದುಕೊಂಡು ಬೇರೆಯಾಗಿ ಮಾತು ಶುರುಮಾಡಿದರು. ಅವರಿಗೆ ಇಪ್ಪತ್ತೈದರ ಆಸುಪಾಸು ಇರಬಹುದು. ಮೊದಲಿಗೆ ನಾಟಕದ ಫೋಟೋ ಕಳಿಸಿದರು. ಆಮೇಲೆ ರಾತ್ರಿ ಹನ್ನೊಂದೂವರೆಗೆ "ಮಲಗಿದ್ಯಾ?" ಎಂದು ಕೇಳಿದರು. ಅದಾದ ಮೇಲೆ "ಇಲ್ಲಿ ಬೇಡ, ಬೇರೆ ಆ್ಯಪ್‌ಗೆ ಬಾ, ಅಲ್ಲಿ ಮೆಸೇಜ್ ತಾನಾಗಿ ಅಳಿಸಿ ಹೋಗುತ್ತೆ" ಎಂದರು. ಕೊನೆಗೆ ಬಂದದ್ದು, "ಅಮ್ಮನಿಗೆ ಹೇಳ್ಬೇಡ, ಸುಮ್ನೆ ತಪ್ಪು ತಿಳ್ಕೋತಾರೆ." ಅವಳು ಅದನ್ನೇ ತಂದು ನನಗೆ ತೋರಿಸಿದಳು.

ಆ ಹುಡುಗನ ಮನಸ್ಸಿನಲ್ಲಿ ಏನಿತ್ತು ಎಂದು ನಾನು ಹೇಳಲಾರೆ. ಅದನ್ನು ನೋಡಬೇಕಾದವರು ನೋಡಲಿ. ಆದರೆ ತಾಯಿಗೆ ಗೊತ್ತಾಗದ ಹಾಗೆ ಒಂದು ಮಗುವಿನ ಜೊತೆ ಮಾತಾಡಲು ದೊಡ್ಡವರೊಬ್ಬರು ದಾರಿ ಹುಡುಕಿದರೆ ಅಲ್ಲಿಗೇ ತಡೆಯಬೇಕು. ಇದಕ್ಕೆ ದೊಡ್ಡ ತಜ್ಞರು ಬೇಕಿಲ್ಲ ಅಲ್ವಾ?

ಹೀಗಾಗಿ ನಿಮಗೆ ಫೋನ್ ಮಾಡಿದೆ. ಇಂಥದ್ದನ್ನು ಯಾರಿಗೆ ಹೇಳಬೇಕು ಎಂದು ಕೇಳಿದೆ. ನಿಮ್ಮ ಕಚೇರಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಲೆಕ್ಕ ನೋಡುವವರು ಫೋನನ್ನು ಸಂಯೋಜಕರಿಗೆ ಕೊಟ್ಟರು. ಸಂಯೋಜಕರು ಮಾಡಿದ ಕೆಲಸವೇ ಈ ಪತ್ರಕ್ಕೆ ಮುಖ್ಯ ಕಾರಣ.

ಅವರು ನೇರವಾಗಿ ಆ ಸ್ವಯಂಸೇವಕರಿಗೆ ಫೋನ್ ಮಾಡಿ, ದೂರು ಕೊಟ್ಟವರು ಯಾರು ಎಂದು ಹೆಸರು ಹಿಡಿದು ಹೇಳಿದ್ದಾರೆ. ಅದೇ ಸಂಜೆ ನಾನು ಕೆಲಸದಿಂದ ಇನ್ನೂ ಬಂದಿರಲಿಲ್ಲ. ಮಗಳ ಫೋನಿಗೆ ಕಾನ್ಫರೆನ್ಸ್ ಕಾಲ್ ಹಾಕಿದ್ದಾರೆ. ಒಂದು ಕಡೆ ಸಂಯೋಜಕರು, ಇನ್ನೊಂದು ಕಡೆ ಆ ಹುಡುಗ, ನಡುವೆ ನನ್ನ ಮಗಳು. "ಅಣ್ಣ ಏನಾದ್ರೂ ಕೆಟ್ಟದಾಗಿ ಮಾತಾಡಿದ್ರಾ, ಹೇಳಮ್ಮಾ" ಎಂದು ಅವನ ಎದುರಿಗೇ ಕೇಳಿದ್ದಾರೆ. ಅವಳು ಏನು ಹೇಳಬೇಕಿತ್ತು? "ಇಲ್ಲ" ಅಂದಿದ್ದಾಳೆ. "ಸಾರಿ ಅಣ್ಣಾ" ಅಂತಲೂ ಅಂದಿದ್ದಾಳೆ. ತಪ್ಪು ಮಾಡಿದವಳು ತಾನೇ ಎಂಬ ಹಾಗೆ ಆ ರಾತ್ರಿ ಊಟ ಬಿಟ್ಟು ಮಲಗಿದಳು. ಮಾರನೆಯ ದಿನ ಸಂಯೋಜಕರು ನನಗೆ ಕಳಿಸಿದ ಮೆಸೇಜ್ ಹೀಗಿದೆ: "ಮಗು ಜೊತೆ ಮಾತಾಡಿದ್ವಿ, ಏನೂ ಇಲ್ಲ ಅಂತು. ವಿಷಯ ಇತ್ಯರ್ಥ ಆಗಿದೆ."

ಮಗು ಧೈರ್ಯ ಮಾಡಿ ಒಂದು ಮಾತು ಹೇಳಿದ ಮೇಲೆ ಅದನ್ನು ಹೀಗೆ ಹಿಂದಕ್ಕೆ ತೆಗೆಸುವುದು ವಿಚಾರಣೆಯಲ್ಲ. ಮುಂದೆ ಇದಕ್ಕಿಂತ ದೊಡ್ಡದು ಏನಾದರೂ ಆದರೆ ಅವಳು ಬಾಯಿ ಬಿಡುತ್ತಾಳೆಯೇ? ಆ ಗ್ರೂಪಿನಲ್ಲಿದ್ದ ಬೇರೆ ಮಕ್ಕಳು ಬಿಡುತ್ತಾರೆಯೇ? ಇದಕ್ಕೆ ಉತ್ತರ ಕೊಡಬೇಕಾದವರು ನೀವು, ಆ ಹುಡುಗನಲ್ಲ.

ಕಾನೂನಿನ ಮಾತನ್ನೂ ಬರೆಯಬೇಕಾಗಿದೆ, ಏಕೆಂದರೆ ನಿಮ್ಮವರು "ಅವರು ನಮ್ಮ ನೌಕರರಲ್ಲ, ಸ್ವಯಂಸೇವಕರು. ಪೊಲೀಸ್ ವೆರಿಫಿಕೇಶನ್ ನಮಗೆ ಅನ್ವಯಿಸಲ್ಲ" ಎಂದು ಇಮೇಲ್ ಬರೆದಿದ್ದಾರೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸಲು ಇರುವ 2012ರ ಪೋಕ್ಸೋ ಕಾಯ್ದೆಯಡಿ 2020ರಲ್ಲಿ ಬಂದ ನಿಯಮಗಳನ್ನು ಒಮ್ಮೆ ಓದಿ. ಮಕ್ಕಳ ಜೊತೆ ನಿತ್ಯ ಸಂಪರ್ಕ ಇರುವ ಸಂಸ್ಥೆಗಳು, ಶಾಲೆ ಇರಲಿ, ಕ್ರೀಡಾ ಅಕಾಡೆಮಿ ಇರಲಿ, ಮಕ್ಕಳಿಗಾಗಿ ನಡೆಸುವ ಬೇರೆ ಯಾವುದೇ ಜಾಗ ಇರಲಿ, ತಮ್ಮ ಸಿಬ್ಬಂದಿಯ ಪೊಲೀಸ್ ಪರಿಶೀಲನೆಯನ್ನು ಆಗಾಗ ಮಾಡಿಸಬೇಕು. ಕಾಯಂ ನೌಕರರಾಗಲಿ, ಗುತ್ತಿಗೆಯವರಾಗಲಿ, ಎಲ್ಲರದ್ದೂ. ಮಕ್ಕಳ ಸುರಕ್ಷತೆಯ ಬಗ್ಗೆ ಅವರಿಗೆ ತರಬೇತಿಯನ್ನೂ ಕೊಡಿಸಬೇಕು. ಸ್ವಯಂಸೇವಕ ಎಂಬ ಪದ ಅಲ್ಲಿಲ್ಲ ಎಂದು ನೀವು ವಾದ ಮಾಡಬಹುದು. ಆದರೆ ಸಂಬಳ ಪಡೆಯುವ ಅಡುಗೆಯವರನ್ನು ಪರಿಶೀಲಿಸಿ, ಮಕ್ಕಳ ಜೊತೆ ಹಗಲು ರಾತ್ರಿ ಇರುವವರನ್ನು ಹಾಗೇ ಬಿಡುವುದಕ್ಕೆ ಏನು ಅರ್ಥ? ಅಂದಹಾಗೆ, ನಿಮ್ಮ ಅಡುಗೆಯವರ ಪರಿಶೀಲನೆಯಾದರೂ ಆಗಿದೆಯೇ ಎಂದು ಕೇಳಿದ್ದೆ. ಅದಕ್ಕೆ ಇನ್ನೂ ಉತ್ತರ ಬಂದಿಲ್ಲ.

ಇನ್ನೊಂದು ವಿಷಯ. ಪೋಕ್ಸೋ ಕಾಯ್ದೆಯ 19ನೇ ಕಲಂ ಪ್ರಕಾರ, ಮಗುವಿನ ಮೇಲೆ ಅಪರಾಧ ಆಗಿದೆ ಎಂದು ತಿಳಿದವರಷ್ಟೇ ಅಲ್ಲ, ಆಗಬಹುದು ಎಂಬ ಆತಂಕ ಇರುವವರೂ ಪೊಲೀಸರಿಗೆ ತಿಳಿಸಬೇಕು. ಅಪರಾಧ ನಡೆದದ್ದನ್ನು ವರದಿ ಮಾಡದಿದ್ದರೆ 21ನೇ ಕಲಂನಲ್ಲಿ ಶಿಕ್ಷೆ ಇದೆ. ತನ್ನ ಕೈಕೆಳಗಿನವರು ಮಾಡಿದ ಅಪರಾಧವನ್ನು ಸಂಸ್ಥೆಯ ಮುಖ್ಯಸ್ಥರೇ ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು. ಒಳ್ಳೆಯ ಉದ್ದೇಶದಿಂದ ಮಾಹಿತಿ ಕೊಟ್ಟವರಿಗೆ ಕಾನೂನಿನ ರಕ್ಷಣೆಯೂ ಇದೆ. ಹೀಗಿರುವಾಗ ನಿಮ್ಮ ಸಂಯೋಜಕರು "ಸಂಸ್ಥೆ ಹೆಸರು ಕೆಡುತ್ತೆ, ನಾವೆಲ್ಲ ಒಂದೇ ಕುಟುಂಬ ಅಲ್ವಾ" ಎಂದು ನನಗೆ ಬುದ್ಧಿ ಹೇಳಿದರು. ಕುಟುಂಬದ ಮಾತು ನಿಮ್ಮ ಕರಪತ್ರದಲ್ಲೂ ಇದೆ. ಮಕ್ಕಳ ರಕ್ಷಣಾ ನೀತಿಯ ಬಗ್ಗೆ ಒಂದು ಸಾಲೂ ಇಲ್ಲ.

ನಾನು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ ಎಲ್ಲವನ್ನೂ ತಿಳಿಸಿದ್ದೇನೆ. ಸ್ಕ್ರೀನ್‌ಶಾಟ್‌ಗಳನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಕೊಟ್ಟಿದ್ದೇನೆ. ಅಲ್ಲಿನವರು ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡರು, ಮಗಳನ್ನು ಕರೆಸಿ ಪದೇ ಪದೇ ಅದನ್ನೇ ಹೇಳಿಸಲಿಲ್ಲ. ಆದ್ದರಿಂದ ಆ ಹುಡುಗನನ್ನು ನೀವೇ ವಿಚಾರಣೆ ಮಾಡಿ ಎಂದು ನಾನು ಕೇಳುತ್ತಿಲ್ಲ, ಮಾಡಲೂ ಬೇಡಿ. ಘಟಕದವರ ಕೆಲಸ ಮುಗಿಯುವವರೆಗೆ ಆತನನ್ನು ಮಕ್ಕಳಿರುವ ಯಾವ ಕಾರ್ಯಕ್ರಮಕ್ಕೂ ಹಾಕಬಾರದು. ನಿಮ್ಮ ಪುಟದಲ್ಲಿ ನೋಡಿದರೆ ಸರ್ಕಾರಿ ಶಾಲೆಯೊಂದರ ಶನಿವಾರದ ತರಗತಿಗೆ ಈಗಲೂ ಹೋಗುತ್ತಿರುವಂತಿದೆ.

ಉಳಿದದ್ದು ಸಂಸ್ಥೆಯಾಗಿ ನೀವು ಮಾಡಬೇಕಾದದ್ದು. ಮಕ್ಕಳ ರಕ್ಷಣೆಗೆ ಹೊಣೆಯಾಗಿ ಒಬ್ಬರ ಹೆಸರು ಮತ್ತು ಫೋನ್ ನಂಬರನ್ನು ಎಲ್ಲ ಪೋಷಕರಿಗೂ ತಿಳಿಸಿ. ಆ ಒಬ್ಬರು ಈಗಿನ ಸಂಯೋಜಕರಾಗಿರಬಾರದು. ಹೆತ್ತವರಿಲ್ಲದ ಗ್ರೂಪನ್ನು ಮುಚ್ಚಿಸಿ, ಸ್ವಯಂಸೇವಕರ ಫೋನಿನಲ್ಲಿರುವ ಮಕ್ಕಳ ನಂಬರ್ ಅಳಿಸಿ. ದೊಡ್ಡವರು ಮಗುವಿಗೆ ಒಂಟಿಯಾಗಿ ಮೆಸೇಜ್ ಮಾಡುವಂತಿಲ್ಲ ಎಂಬ ನಿಯಮವನ್ನು ಬರೆದು ಪ್ರತಿಯೊಬ್ಬರಿಂದ ಸಹಿ ಹಾಕಿಸಿ. ಇಂಥ ನಿಯಮ ಒಳ್ಳೆಯ ಸ್ವಯಂಸೇವಕರನ್ನೂ ಕಾಯುತ್ತದೆ. ನಿಮ್ಮಲ್ಲಿ ಅಂಥವರು ಜಾಸ್ತಿ ಇದ್ದಾರೆ ಎಂದೇ ನಾನು ನಂಬಿದ್ದೇನೆ. ಗ್ರೂಪಿನಲ್ಲಿದ್ದ ಉಳಿದ ಮಕ್ಕಳ ಮನೆಯವರಿಗೂ, ನನ್ನ ಮಗಳ ಗುರುತು ಬಿಟ್ಟುಕೊಡದೆ, "ನಿಮ್ಮ ಮಕ್ಕಳಿಗೆ ಇಂಥ ಮೆಸೇಜ್ ಬಂದಿದೆಯೇ, ವಿಚಾರಿಸಿ" ಎಂದು ತಿಳಿಸಿ. ಈ ಮಾತಿಗೆ ನಿಮ್ಮವರು ಎಲ್ಲಕ್ಕಿಂತ ಹೆಚ್ಚು ಹಿಂಜರಿಯುತ್ತಿದ್ದಾರೆ ಎಂದು ಗೊತ್ತು. ಮೊದಲು ಮಾಡಬೇಕಾದದ್ದೂ ಅದೇ.

ಮಕ್ಕಳ ಫೋಟೋಗಳನ್ನು ಹೆಸರು, ಶಾಲೆ ಸಮೇತ ನಿಮ್ಮ ಪುಟದಲ್ಲಿ ಹಾಕಿದ್ದೀರಿ. ನನ್ನ ಮಗಳದ್ದನ್ನು ಇಂದೇ ತೆಗೆಯಿರಿ. ಬೇರೆಯವರದ್ದನ್ನು ಅವರ ಹೆತ್ತವರನ್ನು ಕೇಳಿ ತೀರ್ಮಾನಿಸಿ.

ದಸರಾ ಶಿಬಿರಕ್ಕೆ ಅರ್ಧ ಶುಲ್ಕ ಎಂದು ಮೊನ್ನೆ ಕಳಿಸಿದ ಕೊಡುಗೆ ತಲುಪಿತು. ಬೇಡ. ಕೊಟ್ಟ ಹಣವನ್ನೂ ವಾಪಸ್ ಕೇಳುತ್ತಿಲ್ಲ.

15 ದಿನದೊಳಗೆ ಲಿಖಿತ ಉತ್ತರ ಬೇಕು. ಬಾರದಿದ್ದರೆ ಈ ಪತ್ರದ ಪ್ರತಿಯನ್ನು ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೂ, ನೀವು ಕಾರ್ಯಕ್ರಮ ನಡೆಸುವ ಶಾಲೆಗಳಿಗೂ ಕಳಿಸುತ್ತೇನೆ. ಉತ್ತರ ನನ್ನ ಇಮೇಲ್‌ಗೆ ಬರಲಿ. ಮಗಳ ನಂಬರಿಗೆ ನಿಮ್ಮ ಸಂಸ್ಥೆಯಿಂದ ಯಾರೂ, ಕ್ಷಮೆ ಕೇಳುವುದಕ್ಕೂ, ಫೋನ್ ಮಾಡಕೂಡದು.

ಇಂತಿ,
ಶಿಬಿರಕ್ಕೆ ಬಂದಿದ್ದ ಬಾಲಕಿಯ ತಾಯಿ

ಲಗತ್ತು: ಮೆಸೇಜ್‌ಗಳ ಸ್ಕ್ರೀನ್‌ಶಾಟ್, ಸಂಯೋಜಕರ ಮೆಸೇಜ್ ಮತ್ತು ಇಮೇಲ್, ನೋಂದಣಿ ಫಾರಂನ ಪ್ರತಿ