ಮಳೆಗಾಲಕ್ಕೆ ಬರುವ ಬೇಸಿಗೆ ರಜೆ

ಶಾರ್ಜಾ
ಜೂನ್ 8

ಪ್ರೀತಿಯ ಅಮ್ಮನಿಗೆ,

ನಮಸ್ಕಾರ. ನಾವು ನಾಲ್ವರೂ ಇಲ್ಲಿ ಸೌಖ್ಯ. ಫೋನಿನಲ್ಲಿ ಹೇಳಲು ಹೊರಟರೆ ನೀನು "ಆಯ್ತು ಆಯ್ತು, ಮಕ್ಕಳಿಗೆ ಕೊಡು" ಅನ್ನುತ್ತೀ. ಅದಕ್ಕೇ ಬರೆಯುತ್ತಿದ್ದೇನೆ. ನಾವು ಮಾತಾಡುವುದು ತುಳುವಾದರೂ ಕಾಗದ ಬರೆಯಲು ಕೂತರೆ ನನ್ನ ಕೈಗೆ ಕನ್ನಡವೇ ಬರುವುದು.

ಜುಲೈ ಮೊದಲ ವಾರ ಮಕ್ಕಳನ್ನು ಕರೆದುಕೊಂಡು ಕಾಸರಗೋಡಿಗೆ, ನಮ್ಮ ಮನೆಗೆ ಬರುತ್ತೇನೆ. ನನಗೆ ಹನ್ನೆರಡೇ ದಿನ ರಜೆ. ಆಮೇಲೆ ಆಗಸ್ಟ್ ಕೊನೆಯವರೆಗೆ ಅವರು ನಿನ್ನ ಹತ್ತಿರ. ವಾಪಸ್ ಕರೆತರಲು ಇವರು ಬರುತ್ತಾರೆ. ಟಿಕೆಟಿನ ರೇಟು ಮಾತ್ರ ಕೇಳಬೇಡ. ಶಾಲೆಗೆ ರಜೆ ಸಿಕ್ಕಿತೆಂದರೆ ಮಂಗಳೂರಿನ ವಿಮಾನಕ್ಕೂ ಕಣ್ಣೂರಿನ ವಿಮಾನಕ್ಕೂ ಬಂಗಾರದ ಬೆಲೆ.

ಇಲ್ಲಿ ಸೆಕೆ ಜೋರಾಗಿದೆ. 15ನೇ ತಾರೀಕಿನಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಿಸಿಲಲ್ಲಿ ಯಾರನ್ನೂ ದುಡಿಸಬಾರದು ಅಂತ ಇಲ್ಲಿ ಕಾನೂನೇ ಉಂಟು. ಪಾರ್ಕಿನ ಜಾರುಬಂಡಿಗೆ ಸಂಜೆಯೂ ಕೈ ಇಡಲಾಗುವುದಿಲ್ಲ. ಶಾಲೆ ಬಿಟ್ಟರೆ ಫ್ಲ್ಯಾಟು, ಫ್ಲ್ಯಾಟು ಬಿಟ್ಟರೆ ಮಾಲು. ಸುಮ್ನೆ ಕೂತರೆ ಟ್ಯಾಬು. ನಾನೂ ಕೊಡುತ್ತೇನೆ ಅಮ್ಮ, ಸುಳ್ಳು ಯಾಕೆ ಹೇಳಲಿ? ನನ್ನ ಮೀಟಿಂಗಿನ ಮಧ್ಯೆ ಇಬ್ಬರೂ ಜಗಳಕ್ಕೆ ನಿಂತರೆ ಬೇರೆ ಮದ್ದಿಲ್ಲ.

ನಾವು ಏಪ್ರಿಲ್–ಮೇ ರಜೆಯಲ್ಲಿ ಗೇರುಹಣ್ಣಿನ ಕಲೆ ಅಂಗಿಗೆ ಮಾಡಿಕೊಂಡು ಗುಡ್ಡೆಯಲ್ಲೇ ಇರುತ್ತಿದ್ದೆವಲ್ಲ, ಅದು ಇವರಿಗೆ ಸಿಗುವುದಿಲ್ಲ. ಇವರ ಬೇಸಿಗೆ ರಜೆ ಎಂದರೆ ನಿಮ್ಮ ಜಡಿಮಳೆಯ ಆಟಿ ತಿಂಗಳು. ಮಾವು ಮುಗಿದಿರುತ್ತದೆ. ತಮ್ಮನ ಮಕ್ಕಳು ಜೂನ್ ಒಂದಕ್ಕೇ ಶಾಲೆಗೆ ಹೋಗಿಯಾಯಿತು. ಪುತ್ತೂರಿನ ಅಕ್ಕನ ಮಕ್ಕಳದ್ದೂ ಅದೇ ಕತೆ. ಓಣಂ ರಜೆ ಬರುವಷ್ಟರಲ್ಲಿ ನಮ್ಮವು ಪೆಟ್ಟಿಗೆ ಕಟ್ಟುತ್ತಿರುತ್ತವೆ. ಮಳೆ ಜೋರಾಗಿ ಕಲೆಕ್ಟರ್ ರಜೆ ಕೊಟ್ಟರೆ ಮಾತ್ರ ಎಲ್ಲರೂ ಒಟ್ಟು ಆಡಬಹುದು. ದೊಡ್ಡವಳು ಈಗಲೇ ಕೇಳುತ್ತಿದ್ದಾಳೆ, "ಕಲೆಕ್ಟರಿಗೆ ನಾವೇ ಫೋನ್ ಮಾಡಬಹುದಾ?"

ಈಗ ಮುಖ್ಯ ವಿಷಯ. ಎರಡು ವರ್ಷದ ಹಿಂದೆ ಬಂದಾಗ ಏನಾಯಿತು, ನೆನಪುಂಟಲ್ವಾ? ಮೂರನೇ ದಿನ ಕರೆಂಟ್ ಹೋಯಿತು. ಸಣ್ಣವನು "ಬೋರು ಬೋರು" ಅಂತ ಜಗಲಿಯಲ್ಲಿ ಉರುಳಿ ಅತ್ತ. ಪಾಪ ಕಂಡು ನೀನು ತಮ್ಮನ ಫೋನು ಕೊಟ್ಟೆ. ಮತ್ತೆ ಮಗು ಅಂಗಳ ನೋಡಲೇ ಇಲ್ಲ. ನಿನ್ನನ್ನು ದೂರುವುದಲ್ಲ. ಕೊಡಲು ಕಲಿಸಿದ್ದೇ ನಾನು. ಈ ಸಲ ಅಳಲಿ ಬಿಡು. ನೀನು ಏನೂ ಆಡಿಸಬೇಕಾಗಿಲ್ಲ. ಒಂದು ಗಂಟೆ ಅತ್ತು, ಸೂರಿನ ನೀರಿಗೆ ಕೈ ಒಡ್ಡಿ ನಿಲ್ಲುತ್ತಾನೆ. ನಾವೂ ಹಾಗೇ ನಿಂತವರು. ಒದ್ದೆಯಾದರೆ ತಲೆ ಒರೆಸಿ ಬಿಸಿ ಗಂಜಿ ಕೊಡು, ಸಾಕು. ತೋಡಿನ ಬದಿಗೆ ಮಾತ್ರ ಒಬ್ಬರನ್ನೇ ಬಿಡಬೇಡ. ಸುರಂಗದ ಒಳಗೂ ಬೇಡ. ಗುಡ್ಡ ಕೊರೆದು ಅಡ್ಡಕ್ಕೆ ತೆಗೆದ ಬಾವಿ ಅಂತ ಹೇಳಿದಾಗಿನಿಂದ ಇಬ್ಬರಿಗೂ ಅದರದ್ದೇ ಜಪ. ಅಪ್ಪ ಟಾರ್ಚು ಹಿಡಿದು ಸುರಂಗದ ಬಾಯಿಯ ಹತ್ತಿರ ನಿಂತೇ ತೋರಿಸಲಿ.

ತಿಂಡಿ ವಿಷಯ. ಪೇಟೆಯ ಚಿಪ್ಸ್ ತಂದು ಇಡಬೇಡ. ಪತ್ರೊಡೆ ಬೇಡ ಅಂದರೆ ಬಿಡು, ಹಸಿವಾದರೆ ತಿನ್ನುತ್ತಾರೆ. ಆಟಿ ಅಮಾವಾಸ್ಯೆಯ ದಿನ ಹಾಲೆ ಮರದ ತೊಗಟೆಯ ಕಹಿ ಕಷಾಯ ಕುಡಿಸುವಾಗ ದೊಡ್ಡವಳ ಮುಖದ ವಿಡಿಯೋ ನನಗೆ ಬೇಕೇ ಬೇಕು! (ಆ ಒಂದಕ್ಕೆ ಫೋನು ಮುಟ್ಟಬಹುದು.)

ಅವಳಿಗೆ ಕನ್ನಡ ಓದಲು ಬರುವುದಿಲ್ಲ, ನಿನಗೆ ಗೊತ್ತು. ಶಾಲೆಯಲ್ಲಿ ಎರಡನೇ ಭಾಷೆಗೆ ಮಲಯಾಳಂ ತೆಗೆದುಕೊಂಡಿದ್ದಾಳೆ. ಹಾಗಾಗಿ ಬದಿಯಡ್ಕದ ಬಸ್ಸಿನ ಬೋರ್ಡು ನನಗಿಂತ ಬೇಗ ಓದುತ್ತಾಳೆ. ಅದು ಒಳ್ಳೆಯದೇ. ಆದರೆ ಈ ಕಾಗದ ಅವಳಿಗೆ ಓದಲು ಬರುವುದಿಲ್ಲವಲ್ಲ ಅಂತ ಬರೆಯುತ್ತಾ ಬರೆಯುತ್ತಾ ಹೊಟ್ಟೆ ಚುರುಕ್ ಅಂತು. ದಿನಕ್ಕೆ ನಾಲ್ಕು ಅಕ್ಷರ ಅಪ್ಪ ಹೇಳಿಕೊಡಲಿ. ಸ್ಲೇಟು ಅಟ್ಟದಲ್ಲಿ ಇರಬಹುದು. ಬೈಯುವುದು ಬೇಡ ಅಂತ ಹೇಳು. ನನಗೆ ಬೈದದ್ದು ಸಾಕು.

ಸಣ್ಣವನಿಗೆ ಅನಂತಪುರ ದೇವಸ್ಥಾನದ ಕೆರೆಯ ಮೊಸಳೆ ನೋಡಬೇಕಂತೆ. ಅಲ್ಲಿದ್ದ ಮೊಸಳೆ ಬಬಿಯ 2022ರಲ್ಲೇ ತೀರಿಹೋಯಿತು ಅಂದೆ. ಆಮೇಲೆ ಕೆರೆಯಲ್ಲಿ ಇನ್ನೊಂದು ಕಂಡಿದೆ ಅಂತ ಬಾಯಿ ತಪ್ಪಿ ಹೇಳಿಬಿಟ್ಟೆ. ಈಗ ಬಿಡುತ್ತಿಲ್ಲ. ಮಳೆ ಬಿಟ್ಟ ದಿನ ಕುಂಬಳೆ ಕಡೆ ಹೋದರೆ ಅಪ್ಪ ಕರೆದುಕೊಂಡು ಹೋಗಲಿ. ಕಾಣದಿದ್ದರೆ ಅತ್ತು ರಂಪ ಮಾಡುತ್ತಾನೆ, ಅದಕ್ಕೂ ತಯಾರಿರಿ. ಬೇಕಲ ಕೋಟೆಗೆ ನಾನಿರುವಾಗಲೇ ಹೋಗೋಣ.

ಅಪ್ಪ ತೋಟಕ್ಕೆ ಮದ್ದು ಬಿಡಿಸಿ ಆಯಿತಾ? ಅವರ ಮಂಡಿನೋವಿಗೆ ಎಣ್ಣೆ ತರುತ್ತೇನೆ. ಮಕ್ಕಳು ವಾಪಸ್ ಬರುವಾಗ ಹಲಸಿನ ಹಪ್ಪಳ ಕಟ್ಟಬೇಡ, ಕಳೆದ ಸಲ ಬ್ಯಾಗಿನಲ್ಲಿ ಎಲ್ಲ ಪುಡಿಯಾಗಿತ್ತು. ಬೇಯಿಸಿ ಒಣಗಿಸಿದ ಹಲಸಿನ ಬೀಜದ ಸಾಂತಾಣಿ ಇದ್ದರೆ ಒಂದು ಡಬ್ಬ ಕೊಡು. ಹಪ್ಪಳ ಮಾಡಿಟ್ಟೇ ಆಗಿದ್ದರೆ, ಆಯ್ತು, ಒಂದು ಕಟ್ಟು ಇರಲಿ.

ನಿನ್ನ ಮಗಳು