ರೀಬೂಟ್‌ಗೆ ಮುನ್ನ ಗ್ರಬ್ ಕಡೆಗೂ ನೋಡಿ

ಮಾನ್ಯರೇ,

ಲಿನಕ್ಸ್‌ನ ತಿರುಳಾದ ಕರ್ನಲ್ ಅನ್ನು ಕಂಪೈಲ್ ಮಾಡುವ (ಮೂಲ ಕೋಡ್‌ನಿಂದ ನಾವೇ ಕಟ್ಟುವ) ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಬರಹ ‘ಇನ್‌ಸ್ಟಾಲ್ ಮಾಡಿ, ರೀಬೂಟ್ ಮಾಡಿ’ ಎಂಬಲ್ಲಿಗೆ ಮುಗಿದಿದೆ. ಹುಬ್ಬಳ್ಳಿ-ಧಾರವಾಡದ ಇಂಜಿನಿಯರಿಂಗ್ ಹುಡುಗರು ಸಿಕ್ಕಿಬೀಳುವುದೇ ಅಲ್ಲಿಂದ ಮುಂದೆ. ಉಬುಂಟು, ಡೆಬಿಯನ್ ಲಿನಕ್ಸ್ ಬಳಸುವವರಿಗೆ ಈ ನಾಲ್ಕು ಮಾತು.

ಡ್ರೈವರ್‌ನಂಥ ಬಿಡಿಭಾಗಗಳನ್ನು (ಮಾಡ್ಯೂಲ್) ಕೂರಿಸುವ ಆದೇಶ ‘ಮೇಕ್ ಮಾಡ್ಯೂಲ್ಸ್_ಇನ್‌ಸ್ಟಾಲ್’ ಮೊದಲು, ಕರ್ನಲ್ ಕೂರಿಸುವ ‘ಮೇಕ್ ಇನ್‌ಸ್ಟಾಲ್’ ಆಮೇಲೆ. ಹಿಂದುಮುಂದಾದರೆ ಇನಿಟ್‌ರ್ಯಾಮ್‌ಎಫ್‌ಎಸ್‌ನಲ್ಲಿ (ಬೂಟ್ ಆರಂಭಕ್ಕೆ ಬೇಕಾದ ಡ್ರೈವರ್‌ಗಳಿರುವ ಕಡತ) ಡಿಸ್ಕ್ ಡ್ರೈವರ್ ಸೇರುವುದಿಲ್ಲ, ಸಿಸ್ಟಮ್ ಇರುವ ರೂಟ್ ಡಿಸ್ಕ್ ಸಿಗುವುದಿಲ್ಲ. ಮೊದಲ ಆದೇಶಕ್ಕೆ ‘ಇನ್‌ಸ್ಟಾಲ್_ಮಾಡ್_ಸ್ಟ್ರಿಪ್=1’ ಸೇರಿಸಿ. ಇಲ್ಲವಾದರೆ ಡಿಬಗ್ ಮಾಹಿತಿ ಹೊತ್ತ ಮಾಡ್ಯೂಲ್‌ಗಳಿಂದ ಆ ಕಡತ ನೂರಾರು ಎಂಬಿ ಉಬ್ಬುತ್ತದೆ. ಬೂಟ್ ಪಾರ್ಟಿಷನ್ ಬೇರೆ ಇದ್ದರೆ ತುಂಬಿಹೋಗುತ್ತದೆ.

ಮುಖ್ಯ ವಿಷಯ ಗ್ರಬ್‌ನದು, ಅಂದರೆ ಯಾವ ಕರ್ನಲ್ ಎಬ್ಬಿಸಬೇಕೆಂದು ಮೆನು ತೋರಿಸುವ ಬೂಟ್‌ಲೋಡರ್‌ನದು. ಮೆನು ಕಾಣದಿದ್ದರೆ ಹಳೆಯ ಕರ್ನಲ್ ಇದ್ದೂ ಇಲ್ಲದಂತೆ. ‘/ಇಟಿಸಿ/ಡಿಫಾಲ್ಟ್/ಗ್ರಬ್’ ಕಡತದಲ್ಲಿ ಟೈಮ್‌ಔಟ್ ಸ್ಟೈಲ್ ‘ಮೆನು’, ಟೈಮ್‌ಔಟ್ 10, ಡಿಫಾಲ್ಟ್ ‘ಸೇವ್ಡ್’ ಎಂದು ಬದಲಿಸಿ. ಕರ್ನಲ್‌ನ ಕಮಾಂಡ್ ಲೈನ್‌ಗೆ ‘ಪ್ಯಾನಿಕ್=10’ (ಕರ್ನಲ್ ಕುಸಿದರೆ 10 ಸೆಕೆಂಡಿಗೆ ರೀಬೂಟ್) ಸೇರಿಸಿ ‘ಅಪ್‌ಡೇಟ್-ಗ್ರಬ್’ ಓಡಿಸಿ. ‘ಗ್ರಬ್.ಸಿಎಫ್‌ಜಿ’ಯನ್ನು ಕೈಯಾರೆ ತಿದ್ದಿದರೆ ಮುಂದಿನ ಅಪ್‌ಡೇಟ್‌ಗೆ ಅಳಿಸಿಹೋಗುತ್ತದೆ.

ಹೊಸ ಕರ್ನಲ್‌ನ ಆವೃತ್ತಿ ಸಂಖ್ಯೆ ದೊಡ್ಡದಿದ್ದರೆ ‘ಅಡ್ವಾನ್ಸ್ಡ್ ಆಪ್ಷನ್ಸ್’ ಒಳಗೆ ಅದೇ ಮೊದಲು. ಎಣಿಕೆ ಸೊನ್ನೆಯಿಂದ (ಮೊದಲ 1 ಎಂದರೆ ಮೆನುವಿನ ಎರಡನೇ ಸಾಲಾದ ಈ ‘ಆಪ್ಷನ್ಸ್’): ಹೊಸದು ‘1>0’, ಅದರ ರಿಕವರಿ ‘1>1’, ಹಳೆಯದು ‘1>2’. ‘ಗ್ರಬ್-ಸೆಟ್-ಡಿಫಾಲ್ಟ್’ನಿಂದ ಹಳೆಯದನ್ನೇ ಕಾಯಂ ಮಾಡಿ, ‘ಗ್ರಬ್-ರೀಬೂಟ್’ನಿಂದ ಹೊಸದನ್ನು ಒಂದು ಸಲಕ್ಕೆ ಮಾತ್ರ ಆರಿಸಿ. ಪ್ಯಾನಿಕ್ ಆದರೆ 10 ಸೆಕೆಂಡಿಗೆ ಮಷಿನ್ ತಾನೇ ಹಳೆಯದಕ್ಕೆ ಮರಳುತ್ತದೆ. ಸುಮ್ಮನೆ ಹ್ಯಾಂಗ್ ಆದರೆ ಪವರ್ ಬಟನ್ ಒತ್ತಲೇಬೇಕು. ಈ ಸಂಖ್ಯೆಗಳನ್ನು ಉದ್ಧರಣ ಚಿಹ್ನೆಯೊಳಗೇ ಟೈಪ್ ಮಾಡಬೇಕು. ಬಿಟ್ಟರೆ ಆದೇಶ ಓದುವ ಶೆಲ್, ನಡುವಿನ ಬಾಣದ ಗುರುತು ಕಂಡು, ‘2’ ಎಂಬ ಹೆಸರಿನ ಕಡತವೊಂದನ್ನು ಮಾಡಿ ಕೂರುತ್ತದೆ, ಗ್ರಬ್‌ಗೆ ಏನೂ ತಲುಪುವುದಿಲ್ಲ! ಬೂಟ್ ಕಡತಗಳು ಎಲ್‌ವಿಎಂ (ಡಿಸ್ಕ್ ಜಾಗ ಹಂಚುವ ಒಂದು ಪದ್ಧತಿ) ಅಥವಾ ಬಿಟಿಆರ್‌ಎಫ್‌ಎಸ್ (ಒಂದು ಬಗೆಯ ಕಡತವ್ಯವಸ್ಥೆ) ಮೇಲಿದ್ದರೆ ಈ ‘ಒಂದು ಸಲ’ದ ಉಪಾಯ ನಂಬಬೇಡಿ, ಅಲ್ಲಿ ಬೂಟ್ ಹೊತ್ತಿನಲ್ಲಿ ಗ್ರಬ್ ಆ ಒಂದು ಸಲದ ಆಯ್ಕೆಯ ಗುರುತನ್ನು ಅಳಿಸಲಾರದು.

ಸೆಕ್ಯೂರ್ ಬೂಟ್ (ಬೂಟ್ ಹೊತ್ತಿನಲ್ಲಿ ಡಿಜಿಟಲ್ ಸಹಿ ಪರೀಕ್ಷಿಸುವ ವ್ಯವಸ್ಥೆ) ಆನ್ ಇದ್ದರೆ ಸಹಿ ಇಲ್ಲದ ಕರ್ನಲ್ ಏಳುವುದೇ ಇಲ್ಲ. ಸ್ವಂತ ಕೀಲಿಯಿಂದ ಸಹಿ ಹಾಕಿ ಆ ಕೀಲಿಯನ್ನು ನೋಂದಾಯಿಸಬೇಕು, ಇಲ್ಲವೇ ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್ ಅನ್ನೇ ಆಫ್ ಮಾಡಬೇಕು. ಅದೇ ಲ್ಯಾಪ್‌ಟಾಪ್‌ನಲ್ಲಿ ಬಿಟ್‌ಲಾಕರ್ (ಡಿಸ್ಕ್‌ಗೆ ಗೂಢಲಿಪಿಯ ಬೀಗ) ಇರುವ ವಿಂಡೋಸ್ ಇದ್ದರೆ, ಆಫ್ ಮಾಡುವ ಮೊದಲೇ ಬಿಟ್‌ಲಾಕರ್‌ನ ರಿಕವರಿ ಕೀ ಬರೆದಿಟ್ಟುಕೊಳ್ಳಿ.

ಪುರವಣಿಯ ಮುಂದಿನ ಕಂತಿನಲ್ಲಿ ಇದಿಷ್ಟನ್ನು ಸೇರಿಸಬೇಕೆಂದು ಕೋರಿಕೆ.

– ಲ್ಯಾಬ್ ಸಿಬ್ಬಂದಿ, ವಿದ್ಯಾನಗರ, ಹುಬ್ಬಳ್ಳಿ