ಮಾರ್ಫಿನ್ ಗುಳಿಗೆ ನಮ್ಮ ತಾಲೂಕಿನಲ್ಲೇ ಸಿಗಲಿ

ಸಂಪಾದಕರಿಗೆ ನಮಸ್ಕಾರ.

ನಾನು ಇಳಕಲ್ಲಿನ ನೇಕಾರ. ವಯಸ್ಸು 58. ಅಪ್ಪ ಬಿಟ್ಟುಹೋದ ಕುಣಿ ಮಗ್ಗದಲ್ಲೇ ಇವತ್ತಿಗೂ ಸೀರೆ ನೇಯುತ್ತೇನೆ. ಹೋದ ಕಾರ ಹುಣ್ಣಿಮೆಗೆ ಇನ್ನೂ ನಾಲ್ಕು ದಿನ ಇರುವಾಗ ನನ್ನ ಹೆಂಡತಿ ತೀರಿಕೊಂಡಳು. ಗರ್ಭಕೋಶದ ಬಾಯಿಯ ಕ್ಯಾನ್ಸರ್. ಸುಮಾರು ಎರಡು ವರ್ಷ ಅದರ ಜೊತೆ ಸಂಸಾರ ಮಾಡಿದೆವು. ಆ ರೋಗದ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಆಗಾಗ ಡಾಕ್ಟರುಗಳು ಬರೆಯುತ್ತಾರೆ. ನನಗೆ ಅದರ ನೋವಿನ ಬಗ್ಗೆ ನಾಲ್ಕು ಮಾತು ಹೇಳಬೇಕಿದೆ.

ಚಿಕಿತ್ಸೆ ಎಲ್ಲರಿಗೂ ಆಗುವಂತೆ ಆಯಿತು. ವಾರಕ್ಕೆ ಐದು ದಿನದಂತೆ 25 ಸಲ ಕರೆಂಟ್ ಕೊಟ್ಟರು. ರೇಡಿಯೇಷನ್‌ಗೆ ನಮ್ಮ ಕಡೆ ಹಾಗೇ ಅನ್ನುತ್ತೇವೆ. ಜೊತೆಗೆ ವಾರಕ್ಕೊಂದು ಕೀಮೋ. ಪರ ಊರಿನಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ಇದ್ದೆವು. ಬಿಪಿಎಲ್ ಕಾರ್ಡ್ ಇತ್ತು, ಆಯುಷ್ಮಾನ್ ಯೋಜನೆಯಲ್ಲಿ ಖರ್ಚು ನೀಗಿತು. ಬಸ್ಸಿನಲ್ಲಿ ಆಕೆಗೆ ಶಕ್ತಿ ಯೋಜನೆಯ ಟಿಕೆಟ್. "ಜಡ್ಡಾದಾಕಿ ನಾ, ರೊಕ್ಕ ಕೊಡೋರು ನೀವು" ಅಂತ ಕಂಡಕ್ಟರ್ ಮುಂದೆ ನಗುತ್ತಿದ್ದಳು.

ಆಮೇಲೆ ಒಂದು ವರ್ಷ ಚೆನ್ನಾಗಿದ್ದಳು. ನೂಲಿನ ಕಂಡಿಕೆ ಸುತ್ತಿ ಕೊಡುತ್ತಿದ್ದಳು. ಇಳಕಲ್ ಸೀರೆಯಲ್ಲಿ ಮೈಯ ಹಾಸಿಗೂ, ಅಂದರೆ ಉದ್ದನೆಯ ಎಳೆಗಳಿಗೂ, ಸೆರಗಿನ ಹಾಸಿಗೂ ಒಂದೊಂದೇ ಎಳೆ ಕೊಂಡಿ ಹಾಕಿ ಕೂಡಿಸಬೇಕು. ನಮ್ಮನೆಯಲ್ಲಿ ಅದು ಯಾವಾಗಲೂ ಇಬ್ಬರ ಕೆಲಸ. ಆಕೆ ಎದುರಿಗೆ ಕೂತು ಎಳೆ ಹಿಡಿಯುತ್ತಿದ್ದಳು, ನಾನು ಕೊಂಡಿ ಹಾಕುತ್ತಿದ್ದೆ.

ರೋಗ ಮತ್ತೆ ಬಂದಾಗ ಅದು ಸೊಂಟಕ್ಕೆ, ಬೆನ್ನೆಲುಬಿಗೆ ಇಳಿದಿತ್ತು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು "ಇನ್ನು ಮನೆಯಲ್ಲೇ ಚೆನ್ನಾಗಿ ನೋಡಿಕೊಳ್ಳಿ" ಅಂದರು. ಚೆನ್ನಾಗಿ ನೋಡಿಕೊಳ್ಳೋದು ಅಂದರೆ ಹೇಗೆ ಅಂತ ಯಾರೂ ಹೇಳಲಿಲ್ಲ. ಚೀಟಿಯಲ್ಲಿ ಇದ್ದದ್ದು ಪ್ಯಾರಾಸಿಟಮಾಲ್ ಮತ್ತು ಟ್ರಮಡಾಲ್. ಮೊದಮೊದಲು ಅವುಗಳಿಂದ ಒಂದಿಷ್ಟು ತಡೆಯಿತು. ಆಮೇಲೆ ನೋವು ಯಾವುದಕ್ಕೂ ಬಗ್ಗಲಿಲ್ಲ.

ಆ ಎರಡು ತಿಂಗಳು ನಮ್ಮ ಮನೆಯಲ್ಲಿ ಯಾರೂ ಯಾರ ಜೊತೆಗೂ ಸರಿಯಾಗಿ ಮಾತಾಡಿಲ್ಲ. ಆಕೆ ಮೊಣಕಾಲು ಮಡಚಿ, ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು. ಮಗ್ಗದ ಒಂದೊಂದು ಪೆಟ್ಟೂ ಬೆನ್ನಿಗೇ ಬಿದ್ದಂತೆ ಆಗುತ್ತದೆ ಅಂದಳು. ನೇಯುವುದು ನಿಲ್ಲಿಸಿದೆ. ರಾತ್ರಿ ಮಕ್ಕಳಿಗೆ ಕೇಳಬಾರದೆಂದು ಸೆರಗು ಬಾಯಿಗೆ ಕಚ್ಚಿಕೊಳ್ಳುತ್ತಿದ್ದಳು. ಬೆಳಿಗ್ಗೆ ನೋಡಿದರೆ ಸೆರಗಿನಲ್ಲಿ ಎಳೆ ಹರಿದಿರುತ್ತಿದ್ದವು. ನೇಯುವವನ ಕಣ್ಣಿಗೆ ಅದು ಬೇಗ ಬೀಳುತ್ತದೆ. ಒಂದು ಕಡೆ ಎರಡು, ಇನ್ನೊಂದು ಕಡೆ ನಾಲ್ಕು. ಮಗಳ ಮಗ ನಾಲ್ಕು ವರ್ಷದವನು, "ಆಯಿ ಚೀರ್ತಾಳ" ಅಂತ ಆ ಕೋಣೆಗೆ ಹೋಗುವುದನ್ನೇ ಬಿಟ್ಟ.

ಮಗಳಿಗೆ ಗೊತ್ತಿದ್ದ ಒಬ್ಬ ನರ್ಸ್ ಕಡು ನೋವು ತಡೆಯುವ ಮಾರ್ಫಿನ್ ಗುಳಿಗೆ ಬಗ್ಗೆ ಹೇಳಿದರು. ಅಲ್ಲಿಯವರೆಗೆ ಆ ಹೆಸರನ್ನೇ ನಾನು ಕೇಳಿರಲಿಲ್ಲ. ಔಷಧಿ ಅಂಗಡಿಗಳಿಗೆ ಅಲೆದೆ. ಎಲ್ಲೂ ಇಲ್ಲ. ಒಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿ "ಯಾರಿಗೆ ಬೇಕು ಇದು?" ಅಂತ ಪೊಲೀಸರ ಹಾಗೆ ಕೇಳಿದರು. ಕೊನೆಗೆ ಬಸ್ಸಿನಲ್ಲಿ ಅರ್ಧ ದಿನದ ದಾರಿಯ ಒಂದು ಆಸ್ಪತ್ರೆಯಲ್ಲಿ ಸಿಕ್ಕಿತು. ಅಲ್ಲಿ ನೋವಿಗೇ ಬೇರೆ ಡಾಕ್ಟರು ಇದ್ದರು.

ಗುಳಿಗೆ ತಂದರೂ ಮನೆಯಲ್ಲಿ ಜಗಳ. "ಅದು ಕೊನೀ ಗುಳಿಗಿ, ಕೊಟ್ಟರ ಆಕಿ ಮತ್ತ ಏಳಂಗಿಲ್ಲ" ಅಂತ ನಮ್ಮಕ್ಕ ಅತ್ತಳು. ತಮ್ಮ ಚಟ ಹತ್ತುತ್ತದೆ ಅಂದ. ನನಗೂ ಹೆದರಿಕೆ ಇತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಆ ಡಾಕ್ಟರು ಅರ್ಧ ಗಂಟೆ ಕೂರಿಸಿಕೊಂಡು ಹೇಳಿದ್ದರು. ನೋವು ಇರುವವರಿಗೆ ಅಳತೆ ನೋಡಿ ಕೊಟ್ಟರೆ ಚಟದ ಭಯ ಬೇಡ. ನೋವು ಶುರುವಾದ ಮೇಲೆ ಕೊಡುವುದಲ್ಲ, ಶುರುವಾಗುವ ಮೊದಲೇ ಗಡಿಯಾರ ನೋಡಿ ನಾಲ್ಕು ತಾಸಿಗೊಮ್ಮೆ ಕೊಡಬೇಕು. ಮೊದಲೆರಡು ದಿನ ಮಂಪರು, ವಾಕರಿಕೆ ಇರಬಹುದು. ಹೊಟ್ಟೆ ಕಟ್ಟುತ್ತದೆ, ಅದಕ್ಕೆ ಬೇರೆ ಔಷಧಿ ದಿನಾ ತಪ್ಪಿಸಬಾರದು. ಹೀಗೆ ಪ್ರತಿಯೊಂದನ್ನೂ ಹೇಳಿದ್ದರು.

ಅರ್ಧ ಗುಳಿಗೆಯಿಂದ ಶುರು ಮಾಡಿದೆವು. ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10. ಮಗ್ಗದ ಪಕ್ಕದ ಗೋಡೆಗೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದೆ. ಮೊದಲ ರಾತ್ರಿ ನಾನು ಮಲಗಲೇ ಇಲ್ಲ, ಆಕೆಯ ಉಸಿರು ನೋಡುತ್ತಾ ಕೂತಿದ್ದೆ. ಮೂರನೇ ರಾತ್ರಿ, ಬೆಳಗಿನ ಜಾವ ಎದ್ದು ನೋಡಿದರೆ ಕಾಲು ಉದ್ದ ಚಾಚಿ ಮಲಗಿದ್ದಳು. ಎಷ್ಟು ದಿನ ಆಗಿತ್ತು ಆ ಕಾಲು ಚಾಚಿ. ಬಾಯಿಯಲ್ಲಿ ಸೆರಗು ಇರಲಿಲ್ಲ.

ಎದ್ದವಳು ಮೊದಲು ಕೇಳಿದ್ದು: "ಯಾಕ್ರೀ, ಮಗ್ಗ ಯಾಕ ನಿಂತೈತಿ?"

ಅಂದೇ ಮತ್ತೆ ಕುಣಿಯಲ್ಲಿ ಕಾಲಿಟ್ಟೆ. ಆಮೇಲೆ ಹನ್ನೊಂದು ವಾರ ಬದುಕಿದಳು. ಆ ಹನ್ನೊಂದು ವಾರ ನಮ್ಮ 31 ವರ್ಷದ ಸಂಸಾರದಲ್ಲಿ ಬೇರೆಯೇ ಲೆಕ್ಕ. ಮಂಚದ ಮೇಲಿಂದಲೇ ನನಗೆ ರೊಟ್ಟಿ ಕಲಿಸಿದಳು. "ಎಸರು ಇನ್ನೂ ಕುದೀಲಿ, ಅವಸರ ಮಾಡಬ್ಯಾಡ್ರಿ" ಅನ್ನುತ್ತಿದ್ದಳು. ನಾನು ಬಡಿದ ರೊಟ್ಟಿ ಅಂಚು ಒಡೆದಿರುತ್ತಿತ್ತು, ಆದರೂ ಶೇಂಗಾ ಚಟ್ನಿ, ಮೊಸರು ಹಚ್ಚಿಕೊಂಡು ಎರಡು ತುತ್ತು ತಿಂದಳು. ಮೊಮ್ಮಗ ಮತ್ತೆ ಆಕೆಯ ಮಗ್ಗುಲಿಗೆ ಬಂದು ಕೂತ. ಯಾರಿಗೆ ಎಷ್ಟು ಕೊಡುವುದಿದೆ, ಯಾವ ಡಬ್ಬಿಯಲ್ಲಿ ಏನಿದೆ, ಎಲ್ಲ ಹೇಳಿದಳು. ಒಂದು ಸಂಜೆ "ನನಗ ಇನ್ನ ಎಷ್ಟು ದಿನ ಐತಂತ?" ಅಂತ ನೇರ ಕೇಳಿದಳು. ಅಷ್ಟು ದಿನ ಮುಚ್ಚಿಟ್ಟಿದ್ದೆ. ಅವತ್ತು ಹೇಳಿದೆ. ಇಬ್ಬರೂ ಅತ್ತೆವು. ಅಳುವುದಕ್ಕೂ ನೋವು ಒಂದಿಷ್ಟು ಜಾಗ ಬಿಡಬೇಕಲ್ವಾ?

ಇದೆಲ್ಲ ಎರಡು ತಿಂಗಳು ಮೊದಲೇ ಸಿಗಬಹುದಿತ್ತು. ಅದೇ ನನ್ನ ಸಂಕಟ.

ಆಮೇಲೆ ಕೇಳಿ ತಿಳಿದುಕೊಂಡೆ. ಕ್ಯಾನ್ಸರಿನ ಕಡು ನೋವಿಗೆ ಮಾರ್ಫಿನ್ ಕೊಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಹೇಳಿದೆ. ಅದನ್ನು ತೆಗೆಯುವುದು ಅಫೀಮಿನಿಂದ. ಆ ಗಿಡ ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶದಲ್ಲಿ ಸರ್ಕಾರದ ಲೈಸೆನ್ಸ್ ಪಡೆದೇ ಬೆಳೆಯುತ್ತಾರೆ. ನೀಮಚ್, ಗಾಜಿಪುರದಲ್ಲಿ ಸರ್ಕಾರದ್ದೇ ಕಾರ್ಖಾನೆಗಳಿವೆ. 1985ರ ಮಾದಕ ವಸ್ತು ಕಾಯ್ದೆಯ ಬಿಗಿಯಿಂದ ಆಸ್ಪತ್ರೆಗಳು ಈ ಔಷಧಿ ಇಡಲು ಹೆದರುತ್ತಿದ್ದವು. 2014ರಲ್ಲಿ ಕಾಯ್ದೆ ತಿದ್ದಿ ಆ ಬಿಗಿ ಸಡಿಲ ಮಾಡಿದ್ದಾರೆ. ಈಗ ನೋವು ನಿವಾರಣೆಯ ತರಬೇತಿ ಪಡೆದ ಒಬ್ಬ ಡಾಕ್ಟರು ಇದ್ದು, ಆಸ್ಪತ್ರೆ ರಾಜ್ಯದ ಔಷಧ ನಿಯಂತ್ರಕರ ಮಾನ್ಯತೆ ಪಡೆದರೆ ಮಾರ್ಫಿನ್ ಇಡಬಹುದು. ದೊಡ್ಡ ಕ್ಯಾನ್ಸರ್ ಆಸ್ಪತ್ರೆಯೇ ಆಗಬೇಕು ಅಂತಿಲ್ಲ. ಕೇರಳದ ಕೋಳಿಕ್ಕೋಡಿನಲ್ಲಿ 1993ರಲ್ಲಿ ಕೆಲವು ಡಾಕ್ಟರುಗಳು ಇಂಥ ನೋವು ನಿವಾರಣೆಯ ಕೆಲಸ ಶುರು ಮಾಡಿದರು. ಈಗ ಆ ರಾಜ್ಯದಲ್ಲಿ ನರ್ಸ್‌ಗಳು ರೋಗಿಯ ಮನೆಗೇ ಹೋಗುತ್ತಾರೆ. ಬೆಂಗಳೂರಿನಲ್ಲಿ ಇಂಥ ರೋಗಿಗಳ ಆರೈಕೆಗೆ ಕರುಣಾಶ್ರಯ ಇದೆ, ಒಂದು ಪೈಸೆ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಾರೆ. ಆದರೆ ಕಾಲು ಚಾಚಲಾಗದ ಹೆಂಗಸನ್ನು ಇಳಕಲ್ಲಿನಿಂದ ಬೆಂಗಳೂರಿಗೆ ಹೇಗೆ ಕರೆದೊಯ್ಯುವುದು?

ಆರೋಗ್ಯ ಇಲಾಖೆಯನ್ನು ನಾನು ಕೈಮುಗಿದು ಕೇಳುವುದು ಇಷ್ಟೇ. ಬಾಗಲಕೋಟೆ ಜಿಲ್ಲೆಯ ಪ್ರತಿ ತಾಲೂಕಿನ ಒಂದು ಸರ್ಕಾರಿ ಆಸ್ಪತ್ರೆಯಲ್ಲಾದರೂ ಈ ಗುಳಿಗೆ ಸಿಗಲಿ. ಒಬ್ಬ ಡಾಕ್ಟರಿಗೆ ತರಬೇತಿ ಕೊಡಿಸಿ. ಮನೆಗೆ ಕರೆದುಕೊಂಡು ಹೋಗಿ ಅನ್ನುವ ಡಾಕ್ಟರುಗಳು ಅದೇ ಚೀಟಿಯಲ್ಲಿ ನೋವಿಗೆ ಎಲ್ಲಿ ಹೋಗಬೇಕು ಅನ್ನುವುದನ್ನೂ ಬರೆದು ಕೊಡಲಿ. ನಾನು ಪ್ರತಿ 15 ದಿನಕ್ಕೆ ಆಕೆಯನ್ನು ಮಗಳ ಕೈಗೆ ಬಿಟ್ಟು ಹೋಗಿ ಗುಳಿಗೆ ತರುತ್ತಿದ್ದೆ. ಇದ್ದ ಹನ್ನೊಂದು ವಾರದಲ್ಲಿ ಆ ದಿನಗಳು ಬಸ್ಸಿನಲ್ಲೇ ಹೋದವು.

ಖಾಲಿ ಪಟ್ಟಿಗಳನ್ನೂ ಉಳಿದ ಗುಳಿಗೆಗಳನ್ನೂ ಆಸ್ಪತ್ರೆಗೆ ಮರಳಿ ಕೊಡಬೇಕು ಅಂತ ಹೇಳಿದ್ದರು. ದಿನಕಾರ್ಯ ಮುಗಿದ ಮೇಲೆ ಹೋದೆ. 14 ಗುಳಿಗೆ ಉಳಿದಿದ್ದವು. ನರ್ಸಮ್ಮ ಎಣಿಸಿ ಪುಸ್ತಕದಲ್ಲಿ ಬರೆದುಕೊಂಡರು. "ಕೊನೆಗೆ ನಿದ್ದೆ ಬಂದಿತ್ತಾ ಅವರಿಗೆ?" ಅಂದರು. ಬಂದಿತ್ತು ಅಂದೆ.

ಇಳಕಲ್, ಹುನಗುಂದ, ಗುಳೇದಗುಡ್ಡದ ಕಡೆ ಯಾರ ಮನೆಯಲ್ಲಾದರೂ ಇಂಥ ನೋವು ಇದ್ದರೆ ಪತ್ರಿಕೆ ಕಚೇರಿಯಲ್ಲಿ ಕೇಳಲಿ, ನನ್ನ ವಿಳಾಸ ಕೊಟ್ಟಿದ್ದೇನೆ. ಆ ಆಸ್ಪತ್ರೆಗೆ ನಾನೇ ಜೊತೆಗೆ ಬರುತ್ತೇನೆ. ಬೆಳಿಗ್ಗೆ ಮೊದಲ ಬಸ್ಸು ಹಿಡಿದರೆ ಸಂಜೆಯೊಳಗೆ ಮನೆಗೆ ಬರಬಹುದು.

— ಒಬ್ಬ ನೇಕಾರ, ಇಳಕಲ್, ಬಾಗಲಕೋಟೆ ಜಿಲ್ಲೆ